ಕನ್ನಡಿ ಗೌಂಡಿಯ ಕರಣೆ

ನಾನು ಒಂದು ಕರಣೆ. ಗೋಡೆಗೆ ಗಿಲಾವು ಬಳಿಯುವ ಗೌಂಡಿಯ ಕೈಯಲ್ಲಿ ನೀವು ನನ್ನನ್ನು ನೋಡಿರುತ್ತೀರಿ. ಹಳೆಯ ಲಾರಿಯ ಪಟ್ಟಿಯನ್ನು ಕಾಸಿ ಬಡಿದು ನನ್ನನ್ನು ಮಾಡಿದವನು ಕಂಬಾರ ಮೌನೇಶಪ್ಪ. ಬೇವಿನ ಹಿಡಿ ಹಾಕಿ ಗೌಂಡಿ ದುರ್ಗಪ್ಪನಿಗೆ ಕೊಟ್ಟ. ಆ ಕೈ ಎಂಥದ್ದು ಅಂತೀರಿ. ಅವನು ತೀಡಿದ ಗೋಡೆಯ ಮುಂದೆ ನಿಂತು ಹೆಂಗಸರು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಊರವರು ಅವನ ಮನೆತನಕ್ಕೇ ‘ಕನ್ನಡಿ ಗೌಂಡಿ’ ಎಂದು ಹೆಸರಿಟ್ಟರು. ಅದರಲ್ಲಿ ಅರ್ಧ ಹೆಸರು ನನ್ನದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ವಯಸ್ಸಾಗಿ ದುರ್ಗಪ್ಪನ ಕೈ ನಡುಗತೊಡಗಿದಾಗ ನಾನು ಮಗ ಯಮನಪ್ಪನ ಪಾಲಾದೆ. ಅದೇ ವರ್ಷ ಬಾಗಲಕೋಟೆಯ ನವನಗರದಲ್ಲಿ ಸಂಗೀತಕ್ಕೆಂದೇ ದೊಡ್ಡ ಸಭಾಂಗಣ ಏಳತೊಡಗಿತು. ಗಿಲಾವಿನ ಕೆಲಸ ಯಮನಪ್ಪನದು. ಹೆಂಡತಿ ಶಾಂತವ್ವ ಉಸುಕು ಸೋಸುತ್ತಿದ್ದಳು. ದುರ್ಗಪ್ಪ ದಿನಾ ಸಂಜೆ ಎದುರಿನ ಕಟ್ಟೆಯ ಮೇಲೆ ಕೂತು, ಹೋಗಿಬರುವವರಿಗೆಲ್ಲ “ನಮ್ಮ ಹುಡುಗ ಕಟ್ಟಾಕತ್ತಾನ್ರಿ” ಎನ್ನುತ್ತಿದ್ದ, ಉಳಿದ ನೂರು ಜನ ಸುಮ್ಮನೆ ನಿಂತಿದ್ದರೇನೋ ಎಂಬ ಹಾಗೆ.

ಒಂದು ದಿನ ಇಂಜಿನಿಯರ್ ವಸುಧಾ ಬಾಯಿ ಸಭಾಂಗಣದ ಹಿಂದಿನ ಗೋಡೆ ತೋರಿಸಿ, “ಇದನ್ನ ನುಣುಪು ಮಾಡಬ್ಯಾಡ್ರಿ ಯಮನಪ್ಪ, ಉಬ್ಬುತಗ್ಗು ಇರಲಿ” ಎಂದು ಹೇಳಿ ಮೂರು ದಿನ ಪರವೂರಿಗೆ ಹೋದರು. ಯಮನಪ್ಪನಿಗೆ ಊಟ ಸೇರಲಿಲ್ಲ. ಕನ್ನಡಿ ಗೌಂಡಿಯ ಮಗ ಒರಟು ಗೋಡೆ ಬಿಟ್ಟನೆಂದರೆ ಅಪ್ಪ ನಾಲ್ಕು ಜನರಲ್ಲಿ ತಲೆಯೆತ್ತುವುದು ಹೇಗೆ? ಮೂರೇ ದಿನದಲ್ಲಿ ನಾವಿಬ್ಬರೂ ಸೇರಿ ಆ ಗೋಡೆಯನ್ನು ಥಳಥಳ ಹೊಳೆಸಿಬಿಟ್ಟೆವು. ನಾನೂ ಉಬ್ಬಿಹೋಗಿದ್ದೆ.

ವಸುಧಾ ಬಾಯಿ ಬಂದು ನೋಡಿದರು, ಬೈಯಲಿಲ್ಲ. “ವೇದಿಕೆ ಮ್ಯಾಲೆ ನಿಂತು ನಿಮ್ಮ ಮನಿಯವರನ್ನ ಕರೀರಿ” ಎಂದರು. ಅವನು “ಶಾಂತಾ” ಎಂದು ಕೂಗಿದ.

ಸಭಾಂಗಣದ ನಡುವೆ ನಿಂತಿದ್ದ ಶಾಂತವ್ವ ಸಿಡುಕಿದಳು. “ಮೂರ್ಮೂರು ಸಲ ಯಾಕ ಒದರ್ತೀರಿ? ನಾ ಏನ್ ಕಿವುಡೀನ?”

ಕೆಲಸದವರೆಲ್ಲ ನಕ್ಕರು. ಯಮನಪ್ಪ ನಗಲಿಲ್ಲ. ಅವನು ಕೂಗಿದ್ದು ಒಂದೇ ಸಲ. ನಾವು ಹೊಳೆಸಿದ ಗೋಡೆ ಅವನ ದನಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಎಸೆದಿತ್ತು.

ಅವತ್ತೇ ಉಳಿ ಹಿಡಿದು ತಾನೇ ಆ ಗಿಲಾವನ್ನು ಕೆತ್ತಿ ಕೆಡವಿದ. ಆಮೇಲೆ ನನ್ನಿಂದ ಗಾರೆ ಎರಚಿ ಎರಚಿ, ತೀಡದೆ ಬಿಟ್ಟ. ತೀಡುವುದಕ್ಕಿಂತ ತೀಡದೆ ಬಿಡುವುದೇ ನಮಗೆ ಕಷ್ಟವಾಯಿತು. ಅಪ್ಪನಿಗೆ ಮಾತ್ರ ಅವನು ಏನೂ ಹೇಳಲಿಲ್ಲ.

ಉದ್ಘಾಟನೆಯ ದಿನ ಕೆಲಸದವರ ಮನೆಯವರಿಗೆಲ್ಲ ಕಡೆಯ ಸಾಲು. ಯಮನಪ್ಪ ನನ್ನನ್ನು ತೊಳೆದು ಚೀಲದಲ್ಲಿ ತಂದಿದ್ದ. ದುರ್ಗಪ್ಪ ಕೂರುವ ಮೊದಲೇ ಹಿಂದಿನ ಗೋಡೆಗೆ ಕೈ ಹಚ್ಚಿದ. ಅವನ ಮುಖ ಸಣ್ಣದಾಯಿತು.

“ಇದು ನಿನ್ನ ಕೈಯೇನೋ?”

“ಹೌದಪ್ಪಾ.”

ಅಷ್ಟರಲ್ಲಿ ತಂಬೂರಿ ನುಡಿಯಿತು. ಗಾಯಕಿ ಮೈಕಿಲ್ಲದೆ ಷಡ್ಜ ಹಿಡಿದಳು. ಕಿವಿ ಮಂದವಾಗಿದ್ದ ಮುದುಕನಿಗೆ ಆ ಸ್ವರ ಒಂದಿಷ್ಟೂ ಮಾರುದನಿಯಿಲ್ಲದೆ ಕೇಳಿಸಿತು, ಅವಳು ಉಸಿರೆಳೆದದ್ದೂ ಕೇಳಿಸಿತು. ಹಾಡು ಮುಗಿಯುವವರೆಗೂ ಅವನು ಗೋಡೆಯಿಂದ ಕೈ ತೆಗೆಯಲಿಲ್ಲ. ಆಮೇಲೆ ಪಕ್ಕದವರನ್ನು ತಿವಿದು, “ನಮ್ಮ ಹುಡುಗನ ಗ್ವಾಡಿ ಇದು, ಮುಟ್ಟಿ ನೋಡ್ರಿ” ಎಂದ. ಹೆಮ್ಮೆಯಿಂದ ಯಮನಪ್ಪನ ಕಣ್ಣು ತುಂಬಿತು. ನನಗೆ ಕಣ್ಣಿಲ್ಲದ್ದಕ್ಕೆ ಅವತ್ತೊಂದು ದಿನ ಬೇಸರವಾಯಿತು.

ಈಗ ದುರ್ಗಪ್ಪ ಇಲ್ಲ. ತುದಿ ಸವೆದ ನಾನು ಗೋಡೆಯ ಗೂಡಿನಲ್ಲಿ ದೇವರ ಪಕ್ಕ ಮಲಗಿದ್ದೇನೆ. ಹೊಸ ಮನೆ ಕಟ್ಟಿಸುವವರು ಬಂದು, “ನಿಮ್ಮ ಗ್ವಾಡ್ಯಾಗ ಕನ್ನಡಿ ಹಂಗ ಮಾರಿ ಕಾಣ್ತೈತಂತಲ್ರಿ?” ಎಂದು ಕೇಳುತ್ತಾರೆ.

“ಎಲ್ಲಾದ್ರಾಗೂ ಕಾಣ್ತೈತ್ರಿ,” ಎನ್ನುತ್ತಾನೆ ಯಮನಪ್ಪ. “ಒಂದರಾಗ ಕಾಣಂಗಿಲ್ಲ. ಅದರಾಗ ಕೇಳ್ತೈತಿ.”