ತಾತ ಬಿಗಿ ಮಾಡಿದ ಕೊಕ್ಕರೆಗಳು

ಹೆದ್ದಾರಿ ಪಕ್ಕದ ಆ ಅಂಗಡಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಬಯಲಲ್ಲಿ ಕಬ್ಬಿಣದ ಪ್ರಾಣಿಗಳು ನಿಂತಿದ್ದವು, ಅಷ್ಟೇ. ಚಮಚದ ರೆಕ್ಕೆಯ ಗೂಬೆ, ಸೈಕಲ್ ಚೈನಿನ ಜಡೆ ಹಾಕಿಕೊಂಡ ಕುದುರೆ, ಸಲಿಕೆಯನ್ನೇ ಮುಖ ಮಾಡಿಕೊಂಡು ನಮ್ಮ ಗಣಿತದ ಮೇಷ್ಟ್ರ ಹಾಗೆ ಗುರಾಯಿಸುವ ಹಂದಿ. ನಾನು ಫೋನ್ ಹಿಡಿದು ಒಂದೊಂದರ ಪಕ್ಕದಲ್ಲೂ ಹಲ್ಲು ಕಿರಿಯುತ್ತಾ ಹೋದೆ. ಜೊತೆಗೆ ಬಂದ ತಾತ ಎಲ್ಲಿದ್ದಾರೆಂದು ತಿರುಗಿಯೂ ನೋಡಲಿಲ್ಲ.

ನೋಡಬೇಕಿತ್ತು. ತಾತ ನಲವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದರೂ ಸ್ಪ್ಯಾನರ್ ಅವರ ಜೇಬು ಬಿಟ್ಟಿಲ್ಲ. ಮನೆಗೆ ಬಂದ ನೆಂಟರ ಸ್ಕೂಟರನ್ನೂ ಹೇಳದೇ ಕೇಳದೇ ಬಿಗಿ ಮಾಡಿ ಕಳಿಸುತ್ತಾರೆ.

ಜೋರಾಗಿ ಗಾಳಿ ಬೀಸಿತು. ಇವನ್ನೆಲ್ಲ ಮಾಡಿದ ವೆಲ್ಡರ್ ಅಕ್ಕ ತಲೆಯೆತ್ತಿ ನೋಡಿದರು. ಸಾಲಾಗಿ ನಿಂತ ಹನ್ನೆರಡು ಕೊಕ್ಕರೆಗಳಲ್ಲಿ ಒಂದೂ ಕತ್ತು ಆಡಿಸಲಿಲ್ಲ. ಹನ್ನೆರಡನೆಯದರ ಹಿಂದಿನಿಂದ ತಾತ ಎದ್ದು ಬಂದರು, ಮುಖದ ತುಂಬಾ ಉಪಕಾರ ಮಾಡಿದ ಕಳೆ.

"ಕತ್ತಿನ ನಟ್ಟೆಲ್ಲಾ ಲೊಡಲೊಡ ಅಂತಿತ್ತಮ್ಮ. ಬಿಗಿ ಮಾಡಿದೀನಿ. ದುಡ್ಡೇನೂ ಬೇಡ."

ಅಕ್ಕ ಕೈಗವಸು ಕಳಚಿ ನೆಲದ ಮೇಲೇ ಕೂತುಬಿಟ್ಟರು.

"ತಾತ, ಸಡಿಲ ಇದ್ರೇನೇ ಅದು ಕೊಕ್ಕರೆ. ಬಿಗಿಯಾದ್ರೆ ಕಂಬ."

ಹೆಡ್‌ಮಿಸ್ ಒಬ್ಬರು ಶಾಲೆಯ ತೋಟಕ್ಕೆಂದು ಹೇಳಿ ಮಾಡಿಸಿದ್ದಂತೆ. ಗಾಳಿಗೆ ತಲೆಯಾಡಿಸಿದರೆ ಹನ್ನೆರಡೂ ಅವರವು, ಇಲ್ಲದಿದ್ದರೆ ಒಂದೂ ಬೇಡ ಎಂದಿದ್ದರಂತೆ. ಅಕ್ಕನ ಮೂರು ತಿಂಗಳ ಕೆಲಸ. ಹೆಡ್‌ಮಿಸ್ ಬರುವುದಕ್ಕೆ ಇನ್ನು ಅರ್ಧ ಗಂಟೆ.

ತಾತನ ಮುಖ ಇಷ್ಟೇ ಇಷ್ಟಾಯಿತು. ಮೂವರೂ ಸಡಿಲಿಸಲು ಕೂತೆವು. ತಾತ ಅರ್ಧ ಸುತ್ತು ಬಿಡುತ್ತಿದ್ದರು, ಅಭ್ಯಾಸಬಲದ ಕೈ ಮತ್ತೆ ಕಾಲು ಸುತ್ತು ಬಿಗಿಯುತ್ತಿತ್ತು. ಕೊನೆಗೆ ನಾನೇ ಸ್ಪ್ಯಾನರ್ ಕಿತ್ತುಕೊಂಡೆ. ಅವರು ಕೊಕ್ಕರೆಯ ಕತ್ತಿಗೆ ಕಿವಿಯಿಟ್ಟು, "ಇನ್ನೊಂದು ಚೂರು, ಹಾಂ, ಸಾಕು," ಎನ್ನುತ್ತಾ ಬಂದರು. ಹತ್ತು ಮುಗಿದವು. ಉಳಿದೆರಡಕ್ಕೆ ಬಿದ್ದಿದ್ದು ಅಪ್ಪಟ ಡಿಪೋ ಬಿಗಿ. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ ಟೆಂಪೋ ಸಮೇತ ಬಂದಿಳಿದರು.

ಗಾಳಿ ಬೀಸಿತು. ಹತ್ತು ಕೊಕ್ಕರೆಗಳು ತಲೆಯಾಡಿಸಿದವು, ಎರಡು ಸೆಟೆದು ನಿಂತವು. ಅಕ್ಕ ಬಾಯಿ ತೆರೆಯುವ ಮೊದಲೇ ತಾತ ಮುಂದೆ ಹೋದರು.

"ತಪ್ಪು ನಂದು, ತಾಯಿ. ಈ ಹುಡುಗಿ ಕೆಲಸದಲ್ಲಿ ಏನೂ ಕೊರತೆ ಇಲ್ಲ."

ಹೆಡ್‌ಮಿಸ್ ಕನ್ನಡಕ ಸರಿ ಮಾಡಿಕೊಂಡು ಆ ಎರಡನ್ನೇ ಬಹಳ ಹೊತ್ತು ನೋಡಿದರು.

"ನಮ್ಮ ಸ್ಟಾಫ್ ಮೀಟಿಂಗೂ ಥೇಟ್ ಹೀಗೇ ಇರುತ್ತೆ," ಎಂದರು. "ನಾನು ಏನೇ ಹೇಳಿದ್ರೂ ಇಬ್ರು ಒಪ್ಪಲ್ಲ. ಹನ್ನೆರಡೂ ಹತ್ತಿಸಿ. ಆ ಎರಡನ್ನ ಮಾತ್ರ ನನ್ನ ಕಿಟಕಿ ಎದುರಿಗೆ ನಿಲ್ಲಿಸ್ಬೇಡಿ."