ಒಂದೇ ಸಾಲಿನ ಪದ

"ಇದು ಯಾವ ಅಂಗಡೀದಮ್ಮ?"

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದ ಟೋಪಿಯ ಮುದುಕ ಕೇಳಿದ. ಗೋಡೆಗೆ ಅಂಟು ಬಳಿಯುತ್ತಿದ್ದ ಹೆಂಗಸು ತಿರುಗಲಿಲ್ಲ. ಪೋಸ್ಟರಿನ ಎರಡು ತುದಿ ಹಿಡಿದು ನಿಂತಿದ್ದ ಅವಳ ಗಂಡ ತಿರುಗಿದ.

"ಅಂಗಡೀದಲ್ಲ," ಎಂದ.

"ಮತ್ತೆ? ಗೋಡೆ ತುಂಬ ಇದೇ ಅಕ್ಷರ ಇದೆಯಲ್ಲ. ಹಾಸಿಗೆ ಕೊಂಡರೆ ದಿಂಬು ಪುಕ್ಕಟೆ ಅಂತ ನಿನ್ನೆ ಓದಿದೆ. ಇದು ಅದರ ತಮ್ಮ ಇರಬೇಕು ಅಂದ್ಕೊಂಡೆ. ಕನ್ನಡಕ ಮನೇಲಿ ಬಿಟ್ಟು ಬಂದಿದೀನಪ್ಪ."

ಮುದುಕ ತನ್ನ ಮಾತಿಗೆ ತಾನೇ ನಕ್ಕು, ಬಸ್ಸು ಬರುವ ಕಡೆ ಕತ್ತು ಚಾಚಿದ.

ಪೋಸ್ಟರಿನಲ್ಲಿದ್ದದ್ದು 'ಕಾಣೆಯಾಗಿದ್ದಾಳೆ' ಎಂಬ ಒಂದು ಪದ. ಅದರ ಕೆಳಗೆ ಮಗಳ ಮುಖ, ಮುಖದ ಕೆಳಗೆ ಫೋನ್ ನಂಬರು. ಕೆಲಸಕ್ಕೆಂದು ಹೋದ ಮಗಳು ಸಂಜೆ ಮನೆಗೆ ಬರದೆ ಇದು ಮೂರನೆಯ ವರ್ಷ.

ಅವನು ಬೋರ್ಡು ಬರೆಯುವವನು. ಮೊದಲ ಪೋಸ್ಟರಿಗೆ ಕೂತಾಗ ಆ ಪದ ಹಾಳೆಯಲ್ಲಿ ಹಿಡಿಸಲೇ ಇಲ್ಲ. ದಪ್ಪಗೆ ಬರೆದರೆ ಎರಡು ಸಾಲಾಗಿ ಮುಖಕ್ಕೆ ಜಾಗ ಉಳಿಯದು. ಒಂದೇ ಸಾಲಿಗೆ ತಂದರೆ ಅಕ್ಷರ ಸಾಸಿವೆಕಾಳು. "ಓಡೋ ಬಸ್ಸಿನ ಕಿಟಕಿಯಿಂದ ಓದೋ ಹಾಗಿರಬೇಕು ರೀ," ಎಂದಿದ್ದಳು ಹೆಂಡತಿ. ಅವನು ದುಂಡಗಿನ ಅಕ್ಷರಗಳನ್ನು ಎರಡೂ ಪಕ್ಕದಿಂದ ಅದುಮಿ ಎತ್ತರಕ್ಕೆ ಎಳೆದ. ಗೆರೆ ಮಾತ್ರ ತೆಳುವಾಗಲು ಬಿಡಲಿಲ್ಲ. ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಉಗುರು ತೂರುವಷ್ಟೇ ಸಂದಿಯಾಯಿತು. ಕಿಕ್ಕಿರಿದ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಜನರ ಹಾಗೆ ಅಕ್ಷರಗಳು ನಿಂತವು. ಊರಲ್ಲೆಲ್ಲ ಆಗ ಅಂಥ ಅಕ್ಷರ ಅದೊಂದೇ. ಮೊದಲ ವಾರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಕಂಡವರು ಕಂಡದ್ದೆಲ್ಲ ಬೇರೆ ಯಾರದೋ ಮಗಳನ್ನು.

ಪ್ರೆಸ್ಸು ನಡೆಸುತ್ತಿದ್ದ ಹೆಂಡತಿಯ ತಮ್ಮನಿಗೆ ಆ ಅಕ್ಷರದ ಮೇಲೆ ಕಣ್ಣು ಬಿತ್ತು. "ಭಾವ, ಒಂದು ಪದದಲ್ಲೇ ಯಾಕೆ ಕೊಳೀಬೇಕು? ಉಳಿದ ಅಕ್ಷರಾನೂ ಬರೆದುಕೊಡಿ. ಅಕ್ಕನ ಪೋಸ್ಟರು ಎಷ್ಟು ಬೇಕಾದರೂ ನಾನೇ ಹಾಕಿಕೊಡ್ತೀನಿ." ಫೋನು ಸುಮ್ಮನಾಗಿದ್ದ ದಿನಗಳವು. ಅವನು ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅಷ್ಟೂ ಅಕ್ಷರಗಳನ್ನು ಬರೆದ. ಬರೆಯುತ್ತಿರುವಷ್ಟು ಹೊತ್ತು ಬಾಗಿಲ ಕಡೆ ನೋಡಬೇಕಾಗಿರಲಿಲ್ಲ.

ಭಾವಮೈದುನ ಅವನ್ನು ಕಂಪ್ಯೂಟರಿಗೆ ಹಾಕಿಸಿ ಫಾಂಟು ಮಾಡಿಸಿದ. ಅಲ್ಲಿಂದ ಅದು ಕೈಯಿಂದ ಕೈಗೆ ದಾಟಿತು. ಹಾಸಿಗೆ ಅಂಗಡಿ, ಮೂಲವ್ಯಾಧಿ ಆಸ್ಪತ್ರೆ, ಸಿನಿಮಾ, ಚುನಾವಣೆ, ಹೀಗೆ ಉದ್ದದ ಮಾತನ್ನು ಇಕ್ಕಟ್ಟಿನ ಜಾಗದಲ್ಲಿ ಕೂಗಬೇಕಾದವರಿಗೆಲ್ಲ ಅದೇ ಬೇಕಾಯಿತು. ಒಮ್ಮೆ ಹಾಸಿಗೆ ಅಂಗಡಿಯ ಬೋರ್ಡಿನ ಮುಂದೆ ಅವನು ಮೈಮರೆತು ನಿಂತುಬಿಟ್ಟಿದ್ದ. ಆಳೆತ್ತರದ ಅಕ್ಷರ, ಅಷ್ಟು ದೊಡ್ಡದಾದರೂ ತಿರುವು ಎಲ್ಲೂ ಸೊಟ್ಟಗಾಗಿರಲಿಲ್ಲ. ತನ್ನ ತುಟಿಯಲ್ಲಿ ನಗು ಮೂಡಿದ್ದು ಅವನಿಗೆ ಗೊತ್ತಾದದ್ದು, ಚೀಲ ಹಿಡಿದು ಪಕ್ಕದಲ್ಲಿ ನಿಂತ ಹೆಂಡತಿ ಆ ನಗುವನ್ನೇ ನೋಡುತ್ತಿರುವುದು ಕಂಡಾಗ. ಅವಳು ಅನ್ನದೇ ಬಿಟ್ಟ ಮಾತು ಅವತ್ತಿನಿಂದ ಮನೆಯಲ್ಲಿ, ಎಲ್ಲಿಗೆ ಸರಿಸಿದರೂ ಕಾಲಿಗೆ ತೊಡರುವ ಪೆಟ್ಟಿಗೆಯ ಹಾಗೆ ಬಿದ್ದಿತ್ತು.

"ರೀ, ಸ್ವಲ್ಪ ಆಚೆ ಬನ್ನಿ," ಎಂದಳು ಈಗ. ಇಬ್ಬರೂ ರಸ್ತೆ ದಾಟಿ ನಿಂತರು. "ಎಲ್ಲಿದಾಳೆ, ಹುಡುಕಿ."

ಗೋಡೆಯ ಉದ್ದಕ್ಕೂ ಅವನ ಅಕ್ಷರಗಳು ಕಿರುಚುತ್ತಿದ್ದವು. ಅವನ ಕಣ್ಣು ದಿಂಬಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಸಿನಿಮಾಕ್ಕೆ ಹೋಗಿ ಮತ್ತೆ ದಿಂಬಿಗೆ ಬಂತು. ಕೊನೆಗೆ ಬೆರಳು ಮಾಡಿ ತೋರಿಸಿದ.

"ಈಗಷ್ಟೇ ಅಂಟಿಸಿ ಬಂದವರಿಗೇ ಇಷ್ಟು ಹೊತ್ತು ಬೇಕಾಯ್ತು," ಎಂದಳು.

"ಬಣ್ಣ ಬದಲಾಯಿಸೋಣ. ಕೆಂಪು..."

"ಹಾಸಿಗೇದು ಕೆಂಪು."

"ಬೇರೆ ಅಕ್ಷರ ಬರೀತೀನಿ ಕಣೆ."

"ಬರೀರಿ. ಚೆನ್ನಾಗೇ ಬರೀತೀರಿ." ಅವಳ ದನಿ ಏರಲಿಲ್ಲ. "ಅದನ್ನೂ ನನ್ನ ತಮ್ಮ ಬಂದು ಕೇಳ್ತಾನೆ. ಇಲ್ಲ ಅನ್ನೋಕೆ ನಿಮಗೆ ಆಗುತ್ತಾ?"

ಅವನು ರಸ್ತೆ ದಾಟಿ ವಾಪಸು ಬಂದು, ಕಟ್ಟಿನಿಂದ ಹೊಸ ಪೋಸ್ಟರೊಂದನ್ನು ಎಳೆದ. ಪದದ ಕೆಳಗೆ ನೇರವಾಗಿ ಮಡಿಚಿ, ಮಡಿಕೆಯ ಮೇಲೆ ಉಗುರು ಎಳೆದು, ಹರಿದ. ಅಕ್ಷರಗಳ ಪಟ್ಟಿ ಒಂದು ಕೈಯಲ್ಲಿ ಉಳಿಯಿತು, ಮಗಳ ಮುಖ ಇನ್ನೊಂದರಲ್ಲಿ.

"ಮುಖ ಒಂದೇ ಇರಲಿ," ಎಂದ.

ಹಿಂದೆಯೇ ಬಂದ ಅವಳು ಆ ಪಟ್ಟಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಆಮೇಲೆ ಬ್ರಷ್ಷು ಅದ್ದಿ, ಬೆಂಚಿನ ಎದುರಿಗಿದ್ದ ಬರಿಯ ಕಂಬಕ್ಕೆ ಅಂಟು ಬಳಿದಳು. ಅವನು ಮುಖವನ್ನು ಒತ್ತಿ ಅಂಗೈಯಿಂದ ಸವರಿದ. ಸುತ್ತ ಒಂದಕ್ಷರವೂ ಇಲ್ಲದೆ ಮಗಳು ರಸ್ತೆಯ ಕಡೆ ನೋಡತೊಡಗಿದಳು.

"ಈಗ ಕಾಣ್ತಾಳೆ," ಎಂದಳು ಹೆಂಡತಿ. ಆ ಬೋರ್ಡಿನ ದಿನದಿಂದೀಚೆಗೆ ಅವನಿಗೆಂದು ಅವಳು ಆಡಿದ ಮೊದಲ ಮೆತ್ತನೆಯ ಮಾತು ಅದು.

ಬೆಂಚಿನ ಮೇಲಿದ್ದ ಮುದುಕನೂ ನೋಡಿದ. ಕಣ್ಣು ಕಿರಿದು ಮಾಡಿ, ಬಹಳ ಹೊತ್ತು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು ನಿಂತ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿದ.

"ಚಿಕ್ಕ ವಯಸ್ಸು. ಹೋಗೋ ವಯಸ್ಸಲ್ಲ," ಎಂದ ಮೆಲ್ಲಗೆ.

ಬಸ್ಸು ಬಂತು. ಮುದುಕ ಟೋಪಿ ಹಾಕಿಕೊಂಡು ಹತ್ತಿಹೋದ. ಹೆಂಡತಿ ಕಂಬದ ಎದುರು ಹಾಗೇ ನಿಂತಿದ್ದಳು. ಬ್ರಷ್ಷಿನಿಂದ ಅಂಟು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನ ಕೈಯಲ್ಲಿದ್ದ 'ಕಾಣೆಯಾಗಿದ್ದಾಳೆ' ಪಟ್ಟಿ ಬಸ್ಸೆಬ್ಬಿಸಿದ ಗಾಳಿಗೆ ಪಟಪಟ ಬಡಿದುಕೊಂಡಿತು. ಅವನು ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.