ಅಂಗಡಿಯ ಟೆಂಟು

ಟೆಂಟು ಕಟ್ಟುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ ಎಂದು ಹುಡುಗಿ ತರಗತಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅದರಲ್ಲಿ ಅವಳ ತಪ್ಪಿಲ್ಲ. ಶಾಲೆ ಬಿಟ್ಟ ಮೇಲೆ ಅವಳು ಕೂರುತ್ತಿದ್ದದ್ದು ಅಪ್ಪ ಕೆಲಸ ಮಾಡುವ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ. ಅಲ್ಲಿ ಅವನು ಗಿರಾಕಿಗಳ ಕಣ್ಣೆದುರೇ ಟೆಂಟು ಎಬ್ಬಿಸಿ, ಒಳಗೆ ಮಲಗಿ ತೋರಿಸಿ, "ಬಿರುಗಾಳೀಲಿ ಇದ್ರೊಳಗೇ ಗೊರಕೆ ಹೊಡ್ದಿದೀನಿ ಸಾರ್" ಎನ್ನುತ್ತಿದ್ದ. ಅವನು ಜನ್ಮದಲ್ಲಿ ಒಂದು ರಾತ್ರಿಯನ್ನೂ ಟೆಂಟಿನಲ್ಲಿ ಕಳೆದಿರಲಿಲ್ಲ. ಹೇಳಿ ಹೇಳಿ ಅವನಿಗೇ ಅದು ನಿಜ ಅನ್ನಿಸತೊಡಗಿತ್ತು.

ಅಂಗಡಿಯ ನೆಲ ಟೈಲ್ಸಿನದು. ಗೂಟ ಹೊಡೆಯುವ ಮಾತೇ ಇಲ್ಲ. ಟೆಂಟಿನ ಮೂಲೆಗಳನ್ನು ಕಪಾಟಿನ ಕಾಲಿಗೆ ಕಟ್ಟಿದರೆ ಮುಗಿಯಿತು; ಗೂಟದ ಚೀಲ ಗೋದಾಮಿನಲ್ಲಿ ಎಲ್ಲೋ ಬಿದ್ದಿತ್ತು. ರಜೆಗೆ ಕ್ಯಾಂಪಿಗೆ ಹೋಗೋಣವೆಂದು ಮಗಳು ಹಟ ಹಿಡಿದಾಗ ಅವನು ಮಾಲೀಕನನ್ನು ಕೇಳಿಕೊಂಡು, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಟೆಂಟನ್ನೇ ಮಡಚಿ ಕಾರಿಗೆ ಹಾಕಿದ. ಗೂಟದ ನೆನಪೇ ಆಗಲಿಲ್ಲ.

ಸಾರ್ವಜನಿಕ ಕ್ಯಾಂಪಿನ ಮೈದಾನ ಕೆರೆಯ ದಡದಲ್ಲಿತ್ತು. ಸುಣ್ಣದ ಗೆರೆ ಎಳೆದು ಜಾಗ ಹಂಚಿದ್ದರು. ಒಂದು ಕಡೆ ನಲ್ಲಿಗಳು, ಇನ್ನೊಂದು ಕಡೆ ಶೌಚಾಲಯ, ನಡುವೆ ಒದ್ದೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಓಡಾಡುವ ಜನ.

"ಓಹೋ, ಗುರುಗಳು!" ಪಕ್ಕದ ಜಾಗದಿಂದ ಒಬ್ಬ ದಪ್ಪ ಮನುಷ್ಯ ಎದ್ದು ಬಂದ. ಬಸ್ ಡ್ರೈವರು, ಕಳೆದ ತಿಂಗಳು ಇವನ ಹತ್ತಿರವೇ ಟೆಂಟು ಕೊಂಡವನು. "ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕೂಗಿದ. "ಬಿರುಗಾಳೀಲಿ ಗೊರಕೆ ಹೊಡ್ದೋರು ಅಂದ್ನಲ್ಲ, ಇವ್ರೇ."

"ನಿಮ್ ಗೊರಕೆಗಿಂತ ಜೋರಾ?" ಎಂದಳು ಅವಳು.

ಮಗಳ ಮುಖ ಅರಳಿತು. "ನಮ್ಮಪ್ಪ ಕಣ್ಮುಚ್ಕೊಂಡು ಟೆಂಟ್ ಕಟ್ತಾರೆ ಆಂಟಿ."

ಕಟ್ಟಿದ. ಅಂಗಡಿಯಲ್ಲಿ ಹೇಗೋ ಹಾಗೆಯೇ, ಚಕಚಕನೆ; ಕಪಾಟಿಲ್ಲದಿದ್ದರೂ ಬಾಗಿದ ಕಡ್ಡಿಗಳ ಬಲದಲ್ಲೇ ಟೆಂಟು ನಿಂತಿತು. ನಾಲ್ಕು ಜನ ನಿಂತು ನೋಡಿದರು.

"ಗೂಟ ಹೊಡಿಯಲ್ವಾ ಗುರುಗಳೇ?" ಡ್ರೈವರು ಕೇಳಿದ.

ಗೂಟದ ಚೀಲ ಅಪ್ಪನಿಗೆ ನೆನಪಾದದ್ದು ಆಗಲೇ. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಇದು ತಾನಾಗೇ ನಿಲ್ಲೋ ಮಾಡೆಲ್ಲು," ಎಂದ.

ಅಪ್ಪ ಮಗಳು ನೀರು ಹಿಡಿಯಲು ಹೋಗಿದ್ದಾಗ ಕೆರೆಯ ಕಡೆಯಿಂದ ಗಾಳಿ ಬೀಸಿತು. ಟೆಂಟು ಒಮ್ಮೆ ಮೈ ಕೊಡವಿ, ಉರುಳಿ, ಡ್ರೈವರನ ಸ್ಟೋವಿನ ಮೇಲಿದ್ದ ಪಾತ್ರೆಯನ್ನು ಮಗುಚಿ, ಯಾರೋ ಒಣಗಲು ಹಾಕಿದ್ದ ಬಟ್ಟೆಗಳನ್ನು ಎಳೆದುಕೊಂಡು ನೀರಿಗೆ ಬಿತ್ತು. ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಅಪ್ಪ ಮಗಳು ಓಡಿ ಬರುವಷ್ಟರಲ್ಲಿ ಡ್ರೈವರು ಪ್ಯಾಂಟು ಮಡಚಿ ಇಳಿದು ಅದನ್ನು ದಡಕ್ಕೆ ಎಳೆದು ತಂದಿದ್ದ.

"ತಾನಾಗೇ ನಿಲ್ಲುತ್ತೆ ಅಂದ್ರಿ, ಹೇಳ್ದೆ ಕೇಳ್ದೆ ಹೊರಟೇ ಹೋಯ್ತಲ್ಲ ಗುರುಗಳೇ!"

ಬಟ್ಟೆಯವರೂ ಬಂದು ನಿಂತಿದ್ದರು.

"ನನ್ ತಪ್ಪು ಅಂಕಲ್," ಎಂದಳು ಮಗಳು. "ಗೂಟದ ಚೀಲ ಕಾರಲ್ಲಿಡು ಅಂತ ಅಪ್ಪ ಹೇಳಿದ್ರು. ನಾನೇ ಮರ್ತೆ. ನಂಗೆ ಬೇಜಾರಾಗ್ಬಾರ್ದು ಅಂತ ಅವ್ರು ಹಾಗಂದಿದ್ದು."

ಅಂಥ ಚೀಲವನ್ನು ಅವಳು ನೋಡಿಯೇ ಇರಲಿಲ್ಲ. ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಅವನಿಗೆ ಮೊದಲು ಅನ್ನಿಸಿದ್ದು ಬಚಾವಾದೆ ಎಂದು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇರಲಿಲ್ಲ.

"ಎಷ್ಟ್ ಸಲ ಹೇಳ್ಬೇಕು ನಿಂಗೆ?" ಎಂದು ಗದರಿದ. "ಒಂದು ಕೆಲ್ಸ ನೆಟ್ಟಗೆ ಮಾಡ್ಬಾರ್ದಾ?"

ಹುಡುಗಿ ತಲೆಯೆತ್ತಿ ಅವನನ್ನೇ ನೋಡಿದಳು. ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಆಮೇಲೆ, "ಸಾರಿ ಅಪ್ಪ," ಎಂದಳು.

"ಹೋಗ್ಲಿ ಬಿಡ್ರೀ, ಮಗು ಅದು," ಎಂದಳು ಡ್ರೈವರನ ಹೆಂಡತಿ. ಆ ಮಾತು ಅವನ ಕೆನ್ನೆಗೆ ಬಾರಿಸಿದ ಹಾಗಿತ್ತು.

ಡ್ರೈವರು ತನ್ನಲ್ಲಿ ಮಿಕ್ಕಿದ್ದ ಗೂಟಗಳನ್ನೂ ಸುತ್ತಿಗೆಯನ್ನೂ ತಂದ. ಅಪ್ಪ ಒಂದನ್ನು ನೆಟ್ಟಗೆ ಹೊಡೆದು ಹಗ್ಗ ಕಟ್ಟಿ ಜಗ್ಗಿದ. ಬೆಣ್ಣೆಯಿಂದ ಕೂದಲು ಎಳೆದಂತೆ ಗೂಟ ಈಚೆ ಬಂತು.

ಯಾರಾದರೂ ಬಾಯಿ ಬಿಡುವ ಮೊದಲೇ ಮಗಳು ನಡುವೆ ಬಂದಳು. "ಅಂಕಲ್, ಹೇಗೆ ಹೊಡಿಯೋದು ನಂಗೊಂದ್ಸಲ ತೋರಿಸ್ತೀರಾ? ಅಪ್ಪ ಹೇಳ್ಕೊಟ್ಟಿದ್ದು ಮರ್ತೋಗಿದೆ."

"ಅದಕ್ಕೇನು, ಬಾ ಪುಟ್ಟ." ಡ್ರೈವರು ಮೊಣಕಾಲೂರಿ ಗೂಟವನ್ನು ಟೆಂಟಿನಿಂದ ಆಚೆಗೆ ವಾಲಿಸಿ ಹಿಡಿದ. "ಹೀಗೆ ಓರೆಯಾಗಿ. ಸರೀನಾ ಗುರುಗಳೇ?"

"ಸರಿ," ಎಂದ. ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ ತಲೆಯನ್ನೂ ಆಡಿಸಿದ.

ಡ್ರೈವರು ಸ್ಟೋವಿನ ಕಡೆ ಹೋದ. ಬಟ್ಟೆಯವರೂ ಬಟ್ಟೆ ಹಿಂಡಿಕೊಳ್ಳುತ್ತ ಹೊರಟರು. ಅಪ್ಪ ಮಗಳು ಇಬ್ಬರೇ ಉಳಿದರು.

"ಮರೀ..." ಎಂದ ಅವನು.

"ಸುತ್ತಿಗೆ ಕೊಡಿ," ಎಂದಳು. ಮನೆಯಲ್ಲಿ ಅವಳು ಅವನನ್ನು ಯಾವತ್ತೂ ಬಹುವಚನದಲ್ಲಿ ಕರೆದವಳಲ್ಲ. ಸುತ್ತಮುತ್ತ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಕೊಟ್ಟ. ಹಗ್ಗ ಹಿಡಿದುಕೊಳ್ಳಲು ಬಗ್ಗಿದ.

"ಬೇಡ. ನಾನೇ ಹಿಡ್ಕೋತೀನಿ."